ಮುಖ ಮಸುಕು ಮಾಡೋದಾದ್ರೆ ಹೇಳ್ತೀನಿ

ನಮ್ಮ ಬೀದಿಯಲ್ಲಿ ಟಿವಿ ನೋಡುವವರು ಮನೆಮನೆಗೂ ಇದ್ದಾರೆ. ಟಿವಿಯನ್ನು ಓದಲು ಬರುವುದು ಮಾತ್ರ ತಮ್ಮೊಬ್ಬರಿಗೇ ಎಂದು ಒಬ್ಬರು ಹೇಳಿಕೊಂಡು ತಿರುಗುತ್ತಿದ್ದರು. ಅವರಿಗೆ ನಾವಿಟ್ಟ ಹೆಸರು ವಿಶ್ಲೇಷಕರು. ಹೊಟ್ಟೆಪಾಡಿಗೆ ಅವರು ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮೂಗಿಗೆ ಫ್ರೇಮು ಹೊಂದಿಸುತ್ತಾರೆ. ಆದರೆ ಅವರ ನಿಜವಾದ ಕಸುಬು ಶುರುವಾಗುತ್ತಿದ್ದದ್ದು ಬೆಳಿಗ್ಗೆ ಬೇಕರಿಯಲ್ಲಿ, ಒಂದು ಕೈಗೆ ಬನ್ನು ಇನ್ನೊಂದು ಕೈಗೆ ಟೀ ಬಂದ ಮೇಲೆ.

ಬೇಕರಿಯ ಗೋಡೆಯ ಮೇಲೆ ಒಂದು ಟಿವಿ ಇದೆ. ಅದರ ಕಡೆ ಗಲ್ಲ ಎತ್ತಿ ತೋರಿಸಿ ಪಾಠ ಹೇಳುತ್ತಿದ್ದರು. "ನಾನು ಹೇಳೋದು ಇಷ್ಟೇ. ಕೆಂಪು ಪಟ್ಟಿ ಬಂತಾ, ಸುದ್ದಿ ಬಿಸಿ ಇದೆ. ನೀಲಿ ಬಂತಾ, ಆರಿದೆ. ಸಾಲಿನ ಕೊನೇಲಿ ಪ್ರಶ್ನೆ ಗುರುತು ಇದ್ರೆ ಅವರಿಗೂ ಗೊತ್ತಿಲ್ಲ ಅಂತ ಅರ್ಥ. ಮನುಷ್ಯನ್ನ ನಿಧಾನವಾಗಿ ನಡೆಸಿ ತೋರಿಸಿದ್ರೆ ಅವನು ಕಳ್ಳ. ಬೇಗ ನಡೆಸಿದ್ರೆ ಮಂತ್ರಿ. ಇನ್ನು ಮುಖ ಮಸುಕು ಮಾಡಿದ್ರೆ..." ಇಲ್ಲಿ ದನಿ ತಗ್ಗಿಸಿ, ಜೇಬಿನ ಪೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. "ಮುಖ ಮಸುಕು ಮಾಡಿದ್ರೆ ಅವನೇ ಅಸಲಿ ಆಸಾಮಿ. ಒಳಗಿನ ವಿಷಯ ಗೊತ್ತಿರೋನು. ಕಂಡಕಂಡವರಿಗೆಲ್ಲ ಮಸುಕು ಕೊಡಲ್ಲ ರೀ." ನಾನು ಹೇಳೋದು ಇಷ್ಟೇ ಎಂದು ಶುರು ಮಾಡಿದ ಮೇಲೆ ಅವರು ಇಷ್ಟಕ್ಕೇ ನಿಲ್ಲಿಸಿದ್ದನ್ನು ನಾನಂತೂ ಕಂಡಿರಲಿಲ್ಲ. ಟೀ ತಣ್ಣಗಾಗಿ ಕೆನೆ ಕಟ್ಟುವವರೆಗೂ ಹೇಳುತ್ತಿದ್ದರು.

ಬೇಕರಿ ನಮ್ಮ ಕಟ್ಟಡದ ಕೆಳಗಿದೆ, ನನ್ನ ಮನೆ ಅದರ ನೆತ್ತಿಯ ಮೇಲೆ. ಬೇಕರಿಯವರ ತಂದೆ ಕಟ್ಟಿಸಿದ ಇಟ್ಟಿಗೆಯ ಒಲೆ. ಒಮ್ಮೆ ಪೂರ್ತಿ ಆರಿದರೆ ಮತ್ತೆ ಹದಕ್ಕೆ ಬರಲು ದಿನಗಟ್ಟಲೆ ಹಿಡಿಯುತ್ತದೆಂದು ರಜೆಯ ದಿನವೂ ಕೆಂಡ ಮುಚ್ಚಿಟ್ಟು ಅದನ್ನು ಕಾಪಾಡಿಕೊಂಡು ಬಂದಿದ್ದರು. ಹಾಗಾಗಿ ಚಳಿಗಾಲದಲ್ಲಿ ನನ್ನ ಅಡುಗೆಮನೆಯ ನೆಲ ಬೆಚ್ಚಗಿರುತ್ತದೆ. ಬೇಕರಿಯವರಿಗೆ ಮಾತು ಕಡಿಮೆ, ಕೈಗುಣ ಜಾಸ್ತಿ. ಒಣದ್ರಾಕ್ಷಿ ಹಾಕಿದ ಅವರ ಬನ್ನಿಗೆ ನಾಲ್ಕು ಬೀದಿ ಆಚೆಯಿಂದ ಜನ ಬರುತ್ತಿದ್ದರು. ಪಕ್ಕದ ಶಾಲೆಯ ಮಕ್ಕಳ ಮಧ್ಯಾಹ್ನದ ತಿಂಡಿಯೂ ಅದೇ. ವಿಶ್ಲೇಷಕರು ದಿನಾ ತಿನ್ನುತ್ತಿದ್ದದ್ದೂ ಅದನ್ನೇ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ, ಅದು ವಿಶ್ಲೇಷಕರ ಸ್ವೆಟರ್. ಅವರ ಹೆಂಡತಿ ಕೈಯಾರೆ ಹೆಣೆದದ್ದು. ಮೈಯೆಲ್ಲ ಕಡುಗೆಂಪು, ಬಲತೋಳೂ ಕಡುಗೆಂಪು. ಎಡತೋಳಿಗೆ ಬರುವಷ್ಟರಲ್ಲಿ ಉಲ್ಲನ್ ಮುಗಿದಿತ್ತು. ಅಂಗಡಿಯಲ್ಲಿ ಅದೇ ಬಣ್ಣ ಸಿಗಲಿಲ್ಲವೆಂದು ಆಕೆ ಮನೆಯಲ್ಲಿದ್ದ ಗಿಳಿಹಸಿರು ಉಲ್ಲನ್ನಿನಲ್ಲಿ ಕೆಲಸ ಮುಗಿಸಿಬಿಟ್ಟರು. ಚಳಿ ಶುರುವಾದ ದಿನದಿಂದ ಮುಗಿಯುವ ದಿನದವರೆಗೆ ವಿಶ್ಲೇಷಕರ ಮೈಮೇಲೆ ಅದೇ. ನಮ್ಮ ಕಣ್ಣಿಗೂ ಅದು ಒಗ್ಗಿಹೋಗಿತ್ತು, ಅವರ ಕಣ್ಣಿಗಂತೂ ಆ ತೋಳು ಕಾಣುವುದೇ ನಿಂತುಹೋಗಿತ್ತು.

ಅಂಥ ಒಂದು ಚಳಿಗಾಲದ ಬೆಳಿಗ್ಗೆ ಸುದ್ದಿ ಚಾನೆಲ್ಲಿನ ವ್ಯಾನು ನಮ್ಮ ಬೀದಿಗೆ ಬಂತು. ಊರಿನ ಬೇಕರಿಗಳು ಎಷ್ಟು ಸುರಕ್ಷಿತ ಎಂದು ಒಂದು ಕಾರ್ಯಕ್ರಮವಂತೆ. ವರದಿಗಾರ್ತಿ ಇಳಿದವಳೇ ಬನ್ನು ತಿನ್ನುತ್ತಾ ನಿಂತಿದ್ದ ವಿಶ್ಲೇಷಕರ ಬಾಯಿಗೆ ಮೈಕು ಹಿಡಿದಳು. ನಾನು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆ.

"ಸಾರ್, ಈ ಬೇಕರಿ ಬಗ್ಗೆ ಏನ್ ಹೇಳ್ತೀರಿ?"

"ನಾನು ಹೇಳೋದು ಇಷ್ಟೇ. ಬಹಳ ಚೆನ್ನಾಗಿದೆ. ಬನ್ನು ಹೂವಿನ ಹಾಗೆ ಮೆತ್ತಗಿರತ್ತೆ. ಕೈ ತೊಳೆದೇ ಹಿಟ್ಟು ಮುಟ್ತಾರೆ..."

ಮೈಕು ಅರ್ಧ ಇಳಿಯಿತು. "ತೊಂದರೆ ಏನೂ ಆಗಿಲ್ವಾ ಸಾರ್? ಹೊಟ್ಟೆನೋವು ಗಿಟ್ಟೆನೋವು?"

"ಇಲ್ಲಮ್ಮ. ಕಲ್ಲು ತಿಂದು ಕರಗಿಸೋ ಹೊಟ್ಟೆ ನಂದು."

"ಸರಿ, ಥ್ಯಾಂಕ್ಸ್ ಸಾರ್." ಮೈಕು ಪೂರ್ತಿ ಇಳಿಯಿತು. ಕ್ಯಾಮೆರಾದವನು ಸ್ಟ್ಯಾಂಡಿನ ಕಾಲು ಮಡಚತೊಡಗಿದ. ಅವಳ ಕಣ್ಣು ಎದುರು ಅಂಗಡಿಯ ಕ್ಷೌರಿಕನ ಕಡೆ ಹೊರಳಿತು. ಕ್ಷೌರಿಕ ಆಗಲೇ ಕನ್ನಡಿ ನೋಡಿ ತನ್ನ ಕೂದಲು ಬಾಚಿಕೊಳ್ಳುತ್ತಿದ್ದ.

ಇಷ್ಟು ವರ್ಷ ಟಿವಿ ಓದಿದ ಮನುಷ್ಯ ಇಲ್ಲಿ ನಿಂತಿರಲು, ಟಿವಿಯಲ್ಲಿ ಬರುವವನು ಕ್ಷೌರಿಕ! ವಿಶ್ಲೇಷಕರ ಕೈ ಜೇಬಿನ ಪೆನ್ನಿಗೆ ಹೋಯಿತು. "ಏನಮ್ಮಾ," ಎಂದರು ದನಿ ತಗ್ಗಿಸಿ, "ಒಂದು ವಿಷಯ ಇದೆ. ಮುಖ ಮಸುಕು ಮಾಡೋದಾದ್ರೆ ಹೇಳ್ತೀನಿ."

ಮಡಚಿದ ಕಾಲುಗಳು ಬಿಚ್ಚಿಕೊಂಡವು. ವರದಿಗಾರ್ತಿ ಅವರನ್ನು ಮದುಮಗನ ಹಾಗೆ ತೋಳು ಹಿಡಿದು ವ್ಯಾನಿನ ಹಿಂದಕ್ಕೆ ಕರೆದುಕೊಂಡು ಹೋದಳು. ಆಮೇಲೆ ನನಗೆ ಕಂಡದ್ದು ವ್ಯಾನಿನ ನೆತ್ತಿ ಮಾತ್ರ.

ಮಾರನೆಯ ಸಂಜೆ ಕಾರ್ಯಕ್ರಮ. ತಮ್ಮ ಬೇಕರಿ ಟಿವಿಯಲ್ಲಿ ಬರುತ್ತದೆಂದು ಬೇಕರಿಯವರು ಬೀದಿಯವರನ್ನೆಲ್ಲ ಕರೆದು ಬಿಸಿ ಬನ್ನು ಹಂಚಿದರು. ಹಿಟ್ಟಿನ ಮೂಟೆಯ ಪಕ್ಕ ಕುರ್ಚಿ ಹಾಕಿಸಿ ತಾಯಿಯನ್ನು ಕೂರಿಸಿದರು. ಬೀದಿಗೆಲ್ಲ ಅಜ್ಜಿ ಆಕೆ. ವಿಶ್ಲೇಷಕರೂ ಸ್ವೆಟರ್ ಸಮೇತ ಬಂದು ಎಲ್ಲರಿಗಿಂತ ಮುಂದೆ ನಿಂತರು. ಬನ್ನು ಬೇಡ, ಹಸಿವಿಲ್ಲ ಎಂದರು. ಬೇಕರಿಯವರು ಬಿಡದೆ ಕೈಗೆ ಇಟ್ಟರು.

ಕೆಂಪು ಪಟ್ಟಿ ಬಂತು. ಕೊನೆಯಲ್ಲಿ ಪ್ರಶ್ನೆ ಗುರುತು ಇತ್ತು: "ಬನ್ನಿನೊಳಗೆ ಏನಿದೆ?" ಢಂ ಎಂದು ಸದ್ದು. ಬೇಕರಿಯವರು ಏಪ್ರನ್ನಿಗೆ ಕೈ ಒರೆಸಿಕೊಂಡು ಬೀದಿಗೆ ಇಣುಕಿದ ದೃಶ್ಯ. ವ್ಯಾನು ಯಾರದು ಎಂದು ನೋಡಲು ಅವರು ಇಣುಕಿದ್ದರು, ಪಾಪ. ಟಿವಿಯಲ್ಲಿ ಅವರು ನಿಧಾನವಾಗಿ, ತುಂಬಾ ನಿಧಾನವಾಗಿ ಕೈ ಒರೆಸಿಕೊಂಡರು. ಯಾವುದೋ ಕೊಲೆ ಮುಗಿಸಿ ಬಂದವರಂತೆ ಕಂಡರು. ಮತ್ತೆ ಢಂ. ಆಮೇಲೆ ಕುರ್ಚಿಯ ಮೇಲೆ ಕೂತ ಒಬ್ಬ ಮನುಷ್ಯ. ಮುಖದ ಜಾಗದಲ್ಲಿ ಕಲಸಿದ ಹಿಟ್ಟಿನ ಹಾಗೆ ಮಸುಕು. ಗಂಟಲು ಬಾವಿಯೊಳಗಿನ ಕಪ್ಪೆಯದು.

"ನಾನು ಹೇಳೋದು ಇಷ್ಟೇ," ಎಂದಿತು ಕಪ್ಪೆ. ಮಸುಕಿನ ಕೆಳಗೆ ಒಂದು ಕೈ ಮೇಲೆದ್ದು ಪೆನ್ನು ನೆಟ್ಟಗೆ ಮಾಡಿಕೊಂಡಿತು. ಆ ಕೈಯ ತೋಳು ಗಿಳಿಹಸಿರು. "ಬನ್ನು ಮುರಿದೆ. ಒಳಗೆ ಕಪ್ಪಗೆ ಏನೋ ಇತ್ತು. ಏನು ಅಂತ ನಾನು ಹೇಳಲ್ಲ."

ಈ ಮಾತು ಪರದೆಯ ಮೇಲೆ ಅಕ್ಷರವಾಗಿ ಬರುವಷ್ಟರಲ್ಲಿ ನಡುವೆ ಚುಕ್ಕಿಗಳು ಸೇರಿಕೊಂಡಿದ್ದವು. ಕಪ್ಪಗೆ... ಏನೋ...! ನಮ್ಮ ಬೇಕರಿಯದಲ್ಲದ ಯಾವುದೋ ಬನ್ನಿನ ಚಿತ್ರ ಬಂತು, ಅದಕ್ಕೊಂದು ಕೆಂಪು ಸುತ್ತು, ಸುತ್ತಿಗೊಂದು ಬಾಣ.

ಬೇಕರಿಯಲ್ಲಿದ್ದವರ ಕಣ್ಣುಗಳೆಲ್ಲ ಪರದೆಯಿಂದ ಇಳಿದು ಮುಂದೆ ನಿಂತಿದ್ದ ಹಸಿರು ತೋಳಿಗೆ ಬಂದವು. ತೋಳಿನಿಂದ ಪರದೆಗೆ ಹೋದವು. ಕೊನೆಗೆ ಎಲ್ಲರೂ ನೆಲ ನೋಡಿದರು. ಬೇಕರಿಯವರ ಕೈಯಲ್ಲಿ ಬನ್ನಿನ ತಟ್ಟೆ ಹಾಗೇ ನಿಂತಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ.

ವಿಶ್ಲೇಷಕರು ನೋಡಿದ್ದು ಮಸುಕನ್ನು ಮಾತ್ರ. ಒಳ್ಳೆಯ ಗಟ್ಟಿ ಮಸುಕು, ಮೂಗಿನ ತುದಿಯೂ ಕಾಣುತ್ತಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ನೆಮ್ಮದಿಯಲ್ಲಿ ಅವರು ನಮ್ಮ ಕಡೆ ತಿರುಗಿದರು.

ಮೊದಲು ಬಾಯಿ ಬಿಟ್ಟವನು ಕ್ಷೌರಿಕ. ಅವನ ಕತ್ತರಿಗಿಂತ ನಾಲಿಗೆ ಹರಿತ. "ವಿಶ್ಲೇಷಕರೇ, ನೀವು ಬಲ್ಲವರು. ಯಾರಿರಬಹುದು ಸಾರ್ ಈ ಮನುಷ್ಯ?"

"ನಾನು ಹೇಳೋದು ಇಷ್ಟೇ," ಎಂದರು ವಿಶ್ಲೇಷಕರು. "ನಮ್ಮ ಬೀದಿಯವನಲ್ಲ. ಕೂತ ಭಂಗಿ ನೋಡಿದ್ರೆ ಎತ್ತರದ ಆಳು, ಆರಡಿ ಇರಬಹುದು."

"ಒಳ್ಳೇವನಾ ಕೆಟ್ಟವನಾ?"

ವಿಶ್ಲೇಷಕರ ಕಣ್ಣು ಬೇಕರಿಯವರ ತಟ್ಟೆಯ ಮೇಲೆ ಬಿತ್ತು. "ನೀಚ," ಎಂದುಬಿಟ್ಟರು. "ಅನ್ನ ಹಾಕಿದ ಕೈ ಕಚ್ಚೋ ಜಾತಿ. ಇಂಥವನನ್ನ ಸುಮ್ನೆ ಬಿಡಬಾರದು ಕಣ್ರೀ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ," ಎಂದ ಕ್ಷೌರಿಕ, ಯಾರಿಗೂ ಅಲ್ಲ ಎಂಬಂತೆ. ಉಲ್ಲನ್ ಚುಚ್ಚಿತೋ ಏನೋ, ವಿಶ್ಲೇಷಕರು ಆಗಲೇ ಎಡಹೆಗಲು ತುರಿಸಿಕೊಳ್ಳುತ್ತಿದ್ದರು. ಅಜ್ಜಿ ಕೆಮ್ಮಿದರು. ಬೇಕರಿಯವರು ಟಿವಿ ಆರಿಸಿ, "ಬನ್ನು ತಿನ್ನಿ ಸಾರ್, ಆರತ್ತೆ," ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಚೆ ಬೀದಿಗಳ ಗಿರಾಕಿಗಳು ಮೊದಲು ನಿಂತರು. ಶಾಲೆಯ ಹೆಡ್ಮಿಸ್ಸು ಮಕ್ಕಳ ಬನ್ನು ಸದ್ಯಕ್ಕೆ ಬೇಡವೆಂದು ಹೇಳಿ ಕಳಿಸಿದರು. ಆಮೇಲೆ ಇನ್‌ಸ್ಪೆಕ್ಟರು ಬಂದು ಹಿಟ್ಟು, ಸಕ್ಕರೆ, ತಟ್ಟೆ, ಒಲೆ, ಅಜ್ಜಿಯ ಕುರ್ಚಿಯ ತಳ ಎಲ್ಲ ಹುಡುಕಿದರು. ಕಪ್ಪಗಿದ್ದದ್ದು ಒಣದ್ರಾಕ್ಷಿಯ ಡಬ್ಬಿ ಒಂದೇ. ಎಲ್ಲ ಸರಿಯಾಗಿದೆ ಎಂದು ಬರೆದು, ಕೆಂಪು ಸೀಲು ಹೊಡೆದು, ಕಾಗದವನ್ನು ಬಾಗಿಲ ಗಾಜಿಗೆ ಅಂಟಿಸಲು ಹೇಳಿ ಹೋದರು. ಜನ ಕಾಗದ ಓದಲಿಲ್ಲ, ಸೀಲಿನ ಬಣ್ಣ ನೋಡಿದರು. "ಕೆಂಪು ಸೀಲು ಹಾಕಿದಾರೆ ಕಣೇ," ಎಂದು ಮಕ್ಕಳ ಕೈ ಹಿಡಿದು ರಸ್ತೆ ದಾಟಿದರು.

ಇತ್ತ ಕ್ಷೌರಿಕ ಒಂದು ಸಭೆ ಕರೆದ. ಮಸುಕು ಮುಖ ಪತ್ತೆ ಸಮಿತಿ ಎಂದು ಹೆಸರು. ಅಧ್ಯಕ್ಷರು ಯಾರೆಂದು ಬೇರೆ ಹೇಳಬೇಕೇ? ನಾನು ಅವನ ಕಿವಿಯಲ್ಲಿ ಸಾಕು ಬಿಡಪ್ಪ ಎಂದೆ. "ಆರಡಿ ಅಂದ್ರಲ್ಲ, ಅಳೆದು ನೋಡೋಣ," ಎಂದ. ಸಭೆ ಸೇರಿದ್ದು ಬೇಕರಿಯ ಮುಂದೆ, ಪಕ್ಕದ ಕಟ್ಟಡದಲ್ಲಿದ್ದ ವಿಶ್ಲೇಷಕರ ಮನೆಯ ಬಾಲ್ಕನಿಯ ನೇರ ಕೆಳಗೆ. ಬೇಕರಿಯವರು ಬರಲಿಲ್ಲ. ಒಳಗೆ ನಿಂತು, ಬಾರದ ಗಿರಾಕಿಗಳಿಗಾಗಿ ಗಾಜು ಒರೆಸುತ್ತಿದ್ದರು.

"ಸುಳಿವು ಏನಾದ್ರೂ ಸಿಕ್ತಾ ಸಾರ್?" ಎಂದ ಕ್ಷೌರಿಕ. "ಬಟ್ಟೆ ಗಿಟ್ಟೆ ನೋಡಿ ಹೇಳೋಕಾಗತ್ತಾ?"

"ಬಟ್ಟೆ ನೋಡಲೇಬಾರದು!" ಅಧ್ಯಕ್ಷರು ಮೇಜು ಕುಟ್ಟಿದರು. "ಬಟ್ಟೆ ಯಾರು ಬೇಕಾದ್ರೂ ಹಾಕ್ಕೋತಾರೆ. ಮನುಷ್ಯನ ಗುರುತು ಅಂದ್ರೆ ಮುಖ. ನಾನು ಹೇಳೋದು ಇಷ್ಟೇ..."

ತಟಕ್ ಎಂದು ಅವರ ಬೋಳು ನೆತ್ತಿಗೆ ಒಂದು ಹನಿ ಬಿತ್ತು. ಇನ್ನೊಂದು ಹನಿ. ತಲೆ ಎತ್ತಿ, "ಯಾರ್ರೀ ಅದು ಬೀದಿ ಮೇಲೆ ಒಗೆದು ಹಾಕಿರೋದು?" ಎಂದು ಗದರಿದರು.

ಬಾಲ್ಕನಿಯಲ್ಲಿ ಅವರ ಹೆಂಡತಿ ನಿಂತಿದ್ದರು. ಆಗಷ್ಟೇ ಒಗೆದ ಸ್ವೆಟರನ್ನು ಹಿಂದಿನ ಹಗ್ಗ ಬಿಟ್ಟು ಬೀದಿ ಕಡೆಯ ಹಗ್ಗಕ್ಕೆ, ಹಸಿರು ತೋಳು ಉದ್ದಕ್ಕೆ ಚಾಚುವ ಹಾಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದ್ದರು. "ನಿಮ್ದೇ ರೀ," ಎಂದರು. "ಕೊಳೆ ಆಗಿತ್ತು. ಎಷ್ಟು ಒಗೆದ್ರೂ ಹೋಗ್ತಿಲ್ಲ." ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಅಧ್ಯಕ್ಷರು ಮೇಜನ್ನು ಒಂದು ಮಾರು ಆಚೆ ಸರಿಸಿ ಮಾತು ಮುಂದುವರಿಸಿದರು. ಆ ದಿನ ನನಗೆ ಅವರ ಮೇಲೆ ಸಿಟ್ಟಿಗಿಂತ ಕನಿಕರವೇ ಹೆಚ್ಚಾಯಿತು.

ಇದಾದ ಮೇಲೆ ಬೇಕರಿಯ ಅಜ್ಜಿ ಕನ್ನಡಕದ ಅಂಗಡಿಗೆ ಹೋದರು. ಅಲ್ಲಿ ನಡೆದದ್ದನ್ನು ಆಕೆಯೇ ನಮಗೆ ಅಭಿನಯ ಮಾಡಿ ತೋರಿಸಿದ್ದಾರೆ, ಹಾಗಾಗಿ ಒಂದಕ್ಷರವೂ ನನ್ನದಲ್ಲ.

ವಿಶ್ಲೇಷಕರು ಅಜ್ಜಿಯನ್ನು ಕೂರಿಸಿ, ಖಾಲಿ ಫ್ರೇಮು ಮೂಗಿಗಿಟ್ಟು, ಎದುರಿನ ಅಕ್ಷರದ ಹಲಗೆ ತೋರಿಸಿ, "ಏನ್ ಕಾಣತ್ತೆ ಹೇಳಿ ಅಜ್ಜಿ," ಎಂದರಂತೆ.

"ಏನೂ ಕಾಣಲ್ಲಪ್ಪ. ಎಲ್ಲ ಮಸುಕು."

"ನನ್ನ ಮುಖ?"

"ಅದೂ ಮಸುಕೇ. ನಂಗೆ ಯಾರ ಮುಖ ಕಂಡು ಎಷ್ಟೋ ಕಾಲ ಆಯ್ತು. ನನ್ ಮಗನ ಮುಖಾನೂ ಹಂಗೇ, ಹಿಟ್ಟಿನುಂಡೆ."

"ಮತ್ತೆ ಜನಾನ ಹೇಗೆ ಗುರುತು ಹಿಡೀತೀರಿ?"

"ಬಟ್ಟೆ ನೋಡಿ, ಕೈ ಆಡ್ಸೋದು ನೋಡಿ. ನೀನು ಅಂದ್ರೆ ಹಸಿರು ತೋಳು. ಆವತ್ತು ಟಿವಿಲೂ ಥಟ್ಟನೆ ಹಿಡ್ದುಬಿಟ್ಟೆ ನೋಡು. ಎಲ್ಲಾರ ಮುಖ ಹೆಂಗೋ ನಿನ್ ಮುಖಾನೂ ಹಂಗೇ ಇತ್ತು, ನಂಗೇನೂ ವ್ಯತ್ಯಾಸ ಕಾಣ್ಲಿಲ್ಲ. ಅದ್ಯಾಕಪ್ಪ, ಬೇರೆಯವರಿಗೆ ಗೊತ್ತಾಗಲ್ವಾ?"

ವಿಶ್ಲೇಷಕರು ತಲೆ ತಗ್ಗಿಸಿ ತಮ್ಮ ಎಡತೋಳು ನೋಡಿಕೊಂಡರಂತೆ. ಮೊಟ್ಟಮೊದಲ ಸಲ ಕಂಡವರ ಹಾಗೆ ನೋಡಿಕೊಂಡರಂತೆ.

"ಬೇಕರಿಯವರಿಗೆ... ಗೊತ್ತಾ ಅಜ್ಜಿ?"

"ಬೀದಿಗೇ ಗೊತ್ತು. ನಾನು ಅವತ್ತೇ ನಿನ್ನ ಕೇಳೋಳಿದ್ದೆ. ನನ್ ಮಗ ಬಿಡಲಿಲ್ಲ. 'ಏನೂ ಅನ್ಬೇಡಮ್ಮಾ, ನಾಚಿಕೊಂಡು ಬರೋದು ಬಿಟ್ಟುಬಿಡ್ತಾರೆ, ಖಾಲಿ ಹೊಟ್ಟೇಲಿ ಕೆಲಸಕ್ಕೆ ಹೋಗ್ತಾರೆ' ಅಂದ."

ಅಜ್ಜಿಯ ಮೂಗಿನ ಮೇಲೆ ಖಾಲಿ ಫ್ರೇಮು ಹಾಗೇ ಉಳಿಯಿತು. ವಿಶ್ಲೇಷಕರು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮನೆಗೆ ಬಂದು ಹೆಂಡತಿಯನ್ನು ಕೇಳಿದರಂತೆ, "ನಿನಗೂ ಗೊತ್ತಿತ್ತೇನೇ?" ಆಕೆ, "ಹೆಣೆದೋಳು ನಾನು. ನೀವಾಗೇ ಹೇಳ್ತೀರೇನೋ ಅಂತ ಕಾದೆ. ಕಾದು ಕಾದು ಒಗೆದು ಹಾಕಿದೆ," ಎಂದರಂತೆ.

ಮಾನ ಇದ್ದ ಮನುಷ್ಯ ನೇರ ಬೇಕರಿಗೆ ಹೋಗಿ ಕಾಲು ಹಿಡಿಯಬೇಕಿತ್ತು. ಆದರೆ ನಾಚಿಕೆ ಬಲು ವಿಚಿತ್ರ, ಎಲ್ಲಿಗೆ ಹೋಗಬೇಕೋ ಅದೊಂದು ಜಾಗ ಬಿಟ್ಟು ಬೇರೆ ಎಲ್ಲ ಕಡೆಗೂ ಓಡಿಸುತ್ತದೆ. ವಿಶ್ಲೇಷಕರು ಬೇಕರಿಯ ಮುಂದೆ ನಡೆಯುವುದನ್ನೇ ಬಿಟ್ಟು, ಹಿಂದಿನ ಗಲ್ಲಿಯಿಂದ ಸುತ್ತಿ ಬಳಸಿ ನನ್ನ ಮನೆಗೆ ಬಂದು, "ಚಾನೆಲ್ ಆಫೀಸಿಗೆ ಜೊತೆಗೆ ಬನ್ನಿ, ಒಬ್ಬನೇ ಹೋಗೋಕೆ ಧೈರ್ಯ ಇಲ್ಲ," ಎಂದರು. ಸ್ವೆಟರ್ ಇಲ್ಲ. ಬಿಳಿ ಅಂಗಿಯಲ್ಲಿ ಗಡಗಡ ನಡುಗುತ್ತಿದ್ದರು.

ವರದಿಗಾರ್ತಿ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡಳು.

"ಅಂದ್ರೆ ಅದು ಒಣದ್ರಾಕ್ಷಿ ಅಂತೀರಿ."

"ಒಣದ್ರಾಕ್ಷಿ ಕಣಮ್ಮ. ದ್ರಾಕ್ಷಿ ಬನ್ನು ಅದು. ದ್ರಾಕ್ಷಿ ಇರದಿದ್ರೆ ತಪ್ಪು. ನನ್ನ ಮುಖ ತೋರಿಸಿ, ನನ್ನ ಬಾಯಿಂದ್ಲೇ ಹೇಳ್ತೀನಿ."

"ಮುಖ ತೋರಿಸೋಕಾಗಲ್ಲ ಸಾರ್."

"ಯಾಕಮ್ಮ? ನನ್ನ ಮುಖ, ನಾನೇ ಕೊಡ್ತಿದೀನಿ!"

"ಮುಖ ತೋರಿಸಿ ಒಳ್ಳೇ ಮಾತು ಹೇಳಿದ್ರೆ ಬೇಕರಿಯವರ ನೆಂಟರು ಅನ್ಕೋತಾರೆ ಸಾರ್. ಮಸುಕಿನಲ್ಲಿ ಹೇಳಿದ್ರೇನೇ ಜನಕ್ಕೆ ನಂಬಿಕೆ. ನಮ್ಮ ಸಾಕ್ಷಿ ಅಂದ್ರೆ ಮಸುಕು, ಜನಕ್ಕೆ ಹಾಗೇ ಪರಿಚಯ ಆಗಿದೀರಿ."

ವಿಶ್ಲೇಷಕರು ನನ್ನ ಕಡೆ ನೋಡಿದರು. ಅವರದೇ ಪಾಠ ಅದು, ಬೇಕರಿಯಲ್ಲಿ ಎಷ್ಟು ಸಲ ಹೇಳಿದ್ದರೋ. ನಾನು ಕಿಟಕಿಯ ಆಚೆ ನೋಡಿದೆ. ಕೊನೆಗೆ ಮಸುಕಿಗೇ ಒಪ್ಪಿ, ಕ್ಯಾಮೆರಾದ ಮುಂದೆ ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು ತುಂಬಾ ಹೊತ್ತು ಮಾತಾಡಿದರು.

ಸಂಜೆ ಆ ಕಾರ್ಯಕ್ರಮ ನೋಡಲು ಯಾರೂ ಯಾರನ್ನೂ ಕರೆಯಲಿಲ್ಲ. ನಾನು ಮನೆಯಲ್ಲೇ ನೋಡಿದೆ. ಕೆಂಪು ಪಟ್ಟಿ: "ಸಾಕ್ಷಿಗೆ ಬೆದರಿಕೆ?" ಢಂ. ಬಿಳಿ ಅಂಗಿಯ ಮನುಷ್ಯ ಎಲ್ಲೂ ಇಲ್ಲ. ಹಳೆಯ ಸ್ವೆಟರಿನ ದೃಶ್ಯವನ್ನೇ ಹಾಕಿ, ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ "ಸಂಗ್ರಹ ಚಿತ್ರ" ಎಂದಿದ್ದರು. ಅದರ ಮೇಲೆ ಹೊಸ ಮಾತನ್ನು ಕಪ್ಪೆ ಗಂಟಲಲ್ಲಿ ಹರಿಬಿಟ್ಟಿದ್ದರು. "ದಯವಿಟ್ಟು ನಂಬಿ... ಬೇಕರಿಯವರು ಏನೂ ಮಾಡಿಲ್ಲ... ನನ್ನನ್ನ ಬಿಟ್ಟುಬಿಡಿ..." ನನ್ನನ್ನು ಮಸುಕು ಮಾಡುವುದು ಬಿಟ್ಟುಬಿಡಿ ಎಂದು ಅವರು ಅಂಗಲಾಚಿದ್ದು. ನಡುವಿನ ಮಾತೆಲ್ಲ ಚುಕ್ಕಿಗಳ ಹೊಟ್ಟೆಗೆ ಹೋಗಿತ್ತು. ಕೊನೆಯಲ್ಲಿ ಬೇಕರಿಯವರು ಬಂದು, ಮೊದಲಿಗಿಂತಲೂ ನಿಧಾನವಾಗಿ ಕೈ ಒರೆಸಿಕೊಂಡರು.

ಅಲ್ಲಿಯವರೆಗೆ ಬನ್ನು ಹಾಳು ಎಂದಿದ್ದ ಜನ ಈಗ ಬೇಕರಿಯವನು ರೌಡಿ ಎಂದರು. ಎರಡು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಬರಿಗಾಲಲ್ಲಿ ಅಡುಗೆಮನೆಗೆ ಹೋಗಿ ಹಾಗೇ ನಿಂತುಬಿಟ್ಟೆ. ನೆಲ ತಣ್ಣಗಿತ್ತು.

ನಾನು ಸೀದಾ ವಿಶ್ಲೇಷಕರ ಬಾಗಿಲು ಬಡಿದೆ. "ಒಲೆ ಆರಿದೆ," ಎಂದೆ. ಇಷ್ಟು ದಿನದ ಸಿಟ್ಟೆಲ್ಲ ಅದರಲ್ಲೇ ಬಂತು. ಅವರ ಹೆಂಡತಿ ಒಳಗಿಂದ, "ಚಪ್ಪಲಿ ಅಲ್ಲೇ ಇದೆ, ಹೊರಡಿ," ಎಂದರು.

ಬೇಕರಿಯಲ್ಲಿ ದೀಪ ಹಾಕಿರಲಿಲ್ಲ. ಬೇಕರಿಯವರು ತಣ್ಣಗಿನ ಒಲೆಯ ಬಾಯಿಗೆ ಬೆನ್ನು ಕೊಟ್ಟು ಕೂತಿದ್ದರು. ಪಕ್ಕದಲ್ಲಿ ಅಜ್ಜಿ, ಮೂಗಿನ ಮೇಲೆ ಹೊಸ ಕನ್ನಡಕ. ಸುದ್ದಿ ತಿಳಿದು ಕ್ಷೌರಿಕನೂ ಬಂದಿದ್ದ. ವಿಶ್ಲೇಷಕರು ಹೊಸ್ತಿಲಲ್ಲೇ ನಿಂತು, "ಬೇಕರಿಯವರೇ, ಟಿವಿಲಿ ಬಂದೋನು ನಾನೇ," ಎಂದರು.

"ಅಯ್ಯೋ!" ಕ್ಷೌರಿಕ ಎದೆಗೆ ಕೈ ಇಟ್ಟುಕೊಂಡ. "ಅವನು ಆರಡಿ ಇದ್ದ ಸಾರ್!"

ವಿಶ್ಲೇಷಕರು ಪೆನ್ನಿಗೆ ಕೈ ಹಾಕಿದರು. "ನಾನು ಹೇಳೋದು ಇಷ್ಟೇ. ನೋಡಿ, ಸೂಕ್ಷ್ಮವಾಗಿ ಯೋಚಿಸಿದ್ರೆ ನಾನು ಸುಳ್ಳು ಹೇಳಿಲ್ಲ. ಕಪ್ಪಗಿತ್ತು ಅಂದೆ, ಕಪ್ಪಗೇ ಇತ್ತು. ಚುಕ್ಕಿ ಅವರು ಹಾಕಿದ್ದು. ಬಾಣ ಅವರು ಹಾಕಿದ್ದು. ಆ ಸದ್ದು ಬೇರೆ..." ಹೀಗೆ ಸಾಗಿತು. ಮಾತಿನಲ್ಲಿ ಕೆಂಪು ಪಟ್ಟಿ ಬಂತು, ನೀಲಿ ಪಟ್ಟಿ ಬಂತು. ಕೊನೆಗೆ ಮಾತು ತಾನಾಗೇ ಸೊರಗಿ ನಿಂತಿತು.

ಬೇಕರಿಯವರು ತಲೆ ಎತ್ತಿದರು. "ಮಕ್ಕಳು ನನ್ನ ಕಂಡ್ರೆ ಓಡ್ತಾರೆ ಸಾರ್," ಎಂದರು. ಅವರು ಅಷ್ಟು ದಿನದಲ್ಲಿ ಹೇಳಿಕೊಂಡದ್ದು ಅದೊಂದೇ.

ವಿಶ್ಲೇಷಕರ ಮುಖ ಕಪ್ಪಿಟ್ಟಿತು. ಅಜ್ಜಿ ಎದ್ದು ಬಂದು, ಹೊಸ ಕನ್ನಡಕದಲ್ಲಿ ಆ ಮುಖವನ್ನು ಹತ್ತಿರದಿಂದ ಪರೀಕ್ಷೆ ಮಾಡಿದರು. "ಹಿಂಗಿದೀಯಾ ನೀನು?" ಎಂದು ಸ್ವಲ್ಪ ನಿರಾಸೆಯಿಂದಲೇ ಹೇಳಿದರು. ಆಮೇಲೆ ಮಗನ ಕಡೆ ತಿರುಗಿ, "ಒಲೆ ಹಚ್ಚೋ. ಇವನು ಕಿಟಕೀಲಿ ಕೂತು ಬನ್ನು ತಿನ್ನಲಿ. ಹೋಗೋರು ಬರೋರು ನೋಡ್ಲಿ," ಎಂದರು.

ಒಲೆ ಹದಕ್ಕೆ ಬರಲು ಅದರ ಕಾಲ ತೆಗೆದುಕೊಂಡಿತು. ಮೊದಲ ಬನ್ನು ಹೊರಬಂದ ಬೆಳಿಗ್ಗೆ ವಿಶ್ಲೇಷಕರನ್ನು ಕಿಟಕಿಯ ಪಕ್ಕ ಕೂರಿಸಿದೆವು. ಹೊರಗೆ ಚಳಿ, ಒಳಗೆ ಒಲೆ, ಗಾಜಿನ ಮೇಲೆಲ್ಲ ಹಬೆ ಕೂತು ಅವರು ಹಾಯಾಗಿ ಮಸುಕಾಗಿದ್ದರು. ಅಜ್ಜಿ ಬಂದು ಸರಿಯಾಗಿ ಮುಖದ ಮುಂದೆ ಅಂಗೈಯಲ್ಲಿ ಹಬೆ ಒರೆಸಿ ಹೋದರು.

ಜನ ಹೋದರು, ಬಂದರು. ಒಬ್ಬರೂ ನಿಲ್ಲಲಿಲ್ಲ. ವಿಶ್ಲೇಷಕರು ಬನ್ನು ಎತ್ತಿ ಹಿಡಿದರು, ಮುರಿದರು, ಕಣ್ಣು ಮುಚ್ಚಿ ಚಪ್ಪರಿಸಿದರು. ಬಿಳಿ ಅಂಗಿಯ ಯಾರೋ ಒಬ್ಬ ಬನ್ನು ತಿನ್ನುತ್ತಿದ್ದಾನೆ, ಅದರಲ್ಲಿ ನಿಂತು ನೋಡುವಂಥದ್ದೇನಿದೆ?

ಕ್ಷೌರಿಕ ಬೀದಿಯ ಆಚೆ ನಿಂತು ತಲೆ ಓರೆ ಮಾಡಿ ನೋಡಿದ. ಒಳಗೆ ಬಂದು, ಈ ಸಲ ತಮಾಷೆ ಬಿಟ್ಟು ಹೇಳಿದ. "ಹೀಗಾಗಲ್ಲ ಸಾರ್. ನಿಮ್ಮ ಮುಖ ಯಾರಿಗೂ ಗೊತ್ತಿಲ್ಲ. ಸ್ವೆಟರ್ ಹಾಕ್ಕೊಂಡು ಬನ್ನಿ."

ಆ ಸ್ವೆಟರನ್ನು ಅವರು ಪೆಟ್ಟಿಗೆಯ ತಳಕ್ಕೆ ತುರುಕಿದ್ದರು. ಹೆಂಡತಿ ಅದನ್ನು ತೆಗೆದು, ಕೊಡವಿ, ತಲೆಯ ಮೇಲಿಂದ ಹಾಕಿದರು. ವಿಶ್ಲೇಷಕರು ಹಸಿರು ತೋಳನ್ನು ಗಾಜಿಗೆ ಒತ್ತಿ ಕೂತರು. ಮೊದಲು ನಿಂತವಳು ತರಕಾರಿ ಚೀಲದ ಒಬ್ಬ ಹೆಂಗಸು. ಆಕೆ ಇನ್ನೊಬ್ಬಳನ್ನು ನಿಲ್ಲಿಸಿದಳು. "ಟಿವಿಯವನಲ್ವೇನೇ? ಅದೇ ತೋಳು!" ಗಾಜಿನ ಆಚೆ ಸಣ್ಣ ಗುಂಪೇ ಸೇರಿತು. ಬೆರಳು ಮಾಡಿ ತೋರಿಸಿದರು, ಬಾಯಿ ಮುಚ್ಚಿಕೊಂಡು ನಕ್ಕರು, ಒಬ್ಬಳು "ಥೂ" ಎಂದಳು. ಬನ್ನು ವಿಶ್ಲೇಷಕರ ಗಂಟಲಲ್ಲಿ ಇಳಿಯಲಿಲ್ಲ. ಆದರೂ ಎದ್ದು ಹೋಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಟೀ ಕುಡಿದು ಇಳಿಸಿಕೊಂಡು ಇನ್ನೊಂದು ತುತ್ತು ತಿಂದರು.

ಅಂದಿನಿಂದ ದಿನಾ ಬೆಳಿಗ್ಗೆ ಅದೇ ಕೆಲಸ. ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು, ಬನ್ನಿಗಿಂತ ಮೊದಲು ತೋಳು ನೋಡಲು. ಶಾಲೆಯವರು ಮಾತ್ರ ಬರಲಿಲ್ಲ. ಚಳಿ ಕಳೆಯಿತು. ಬಿಸಿಲು ಬಂತು. ಅತ್ತ ಒಲೆ, ಇತ್ತ ಬಿಸಿಲಿಗೆ ಕಾದ ಗಾಜು, ನಡುವೆ ಉಲ್ಲನ್ನಿನೊಳಗೆ ವಿಶ್ಲೇಷಕರು ಬೇಯುತ್ತಿದ್ದರು. ಬೆವರು ಮೂಗಿನ ತುದಿಯಿಂದ ಟೀಗೆ ಬೀಳುತ್ತಿತ್ತು. "ತೆಗೀಲಾ?" ಎಂದು ಬೇಕರಿಯವರ ಕಡೆ ನೋಡುತ್ತಿದ್ದರು. ಬೇಕರಿಯವರು ಶಾಲೆಯ ದಿಕ್ಕಿಗೆ ಒಮ್ಮೆ ನೋಡಿ, "ಇನ್ನೂ ಬಂದಿಲ್ಲ ಸಾರ್," ಎನ್ನುತ್ತಿದ್ದರು.

ಶಾಲೆಯ ರಜೆ ಮುಗಿದ ಮೇಲೆ ಹೆಡ್ಮಿಸ್ಸು ಬಂದರು. ಗಾಜಿನ ಆಚೆ ನಿಂತು ತೋಳು ನೋಡಿದರು, ಒಳಗೆ ಬಂದು ಹತ್ತಿರದಿಂದ ನೋಡಿದರು. "ಬೆದರಿಕೆ ಹಾಕಿ ಕೂರಿಸಿದಾರಾ ನಿಮ್ಮನ್ನ?"

"ಇಲ್ಲ ಮೇಡಂ. ನಾಚಿಕೆ ಕೂರಿಸಿದೆ." ವಿಶ್ಲೇಷಕರು ಬನ್ನು ಮುರಿದು, ಒಳಗಿನದನ್ನು ಬೆರಳಲ್ಲಿ ಎತ್ತಿ ಆಕೆಗೆ ತೋರಿಸಿದರು. "ಕಪ್ಪಗೆ ಏನೋ ಇದೆ. ಏನು ಅಂತ ಹೇಳ್ತೀನಿ. ಒಣದ್ರಾಕ್ಷಿ." ಬಾಯಿಗೆ ಹಾಕಿಕೊಂಡರು.

ಹೆಡ್ಮಿಸ್ಸು ಇನ್ನೊಂದು ಬನ್ನು ತರಿಸಿ, ತಾವೇ ಮುರಿದು, ತಾವೇ ತಿಂದರು. ಕೈ ಕೊಡವಿಕೊಂಡು, "ನಾಳೆಯಿಂದ ಮೊದಲಿನ ಹಾಗೇ ಕಳಿಸಿ," ಎಂದು ಹೊರಟುಹೋದರು.

ಬೇಕರಿಯವರು ಏಪ್ರನ್ನಿಗೆ ಕೈ ಒರೆಸಿಕೊಂಡರು. ನಿಧಾನವಾಗಿಯೇ ಒರೆಸಿಕೊಂಡರು. ಹೊಸದಾಗಿ ಟೀ ಸುರಿದು ವಿಶ್ಲೇಷಕರ ಮುಂದಿಟ್ಟು, "ಇನ್ನು ತೆಗೀರಿ ಸಾರ್, ಸ್ವೆಟರ್," ಎಂದರು.

ವಿಶ್ಲೇಷಕರು ಎರಡೂ ಕೈ ಎತ್ತಿ ಸ್ವೆಟರನ್ನು ತಲೆಯ ಮೇಲೆ ಎಳೆದರು. ಬೆವರಿಗೆ ಅದು ಅಂಟಿಕೊಂಡಿತ್ತು, ಕುತ್ತಿಗೆಯಲ್ಲಿ ಸಿಕ್ಕಿಬಿತ್ತು. ಮುಖದ ಜಾಗದಲ್ಲಿ ಬರೀ ಕಡುಗೆಂಪು ಉಲ್ಲನ್. ಅದರೊಳಗಿಂದ ಕಪ್ಪೆಯ ಗಂಟಲು ಕೇಳಿಸಿತು. "ಬೇಕರಿಯವರೇ, ನಾನು ಹೇಳೋದು ಇಷ್ಟೇ..."

"ಮೊದಲು ಮುಖ ಆಚೆ ತೆಗಿ," ಎಂದರು ಅಜ್ಜಿ. "ಆಮೇಲೆ ಹೇಳು."

ಕ್ಷೌರಿಕ ಒಂದು ತೋಳು ಹಿಡಿದ, ನಾನು ಇನ್ನೊಂದು ಹಿಡಿದೆ. ಮುಖ ಹೊರಗೆ ಬಂತು. ಬೆವತು, ಕೆಂಪಾಗಿ, ಕಣ್ಣು ತುಂಬಿಕೊಂಡಿತ್ತು. ಬೇಕರಿಯವರನ್ನು ನೇರ ನೋಡುತ್ತಾ ಅವರು ಹೇಳಿದರು.

"ತಪ್ಪಾಯ್ತು."

ಮುಂದಿನ ಮಾತಿಗಾಗಿ ನಾವೆಲ್ಲ ಅಭ್ಯಾಸಬಲದಿಂದ ಕಾದೆವು. ಮುಂದಿನ ಮಾತು ಇರಲಿಲ್ಲ. ಟೀ ಇನ್ನೂ ಬಿಸಿಯಾಗಿತ್ತು, ಅವರು ಅದನ್ನು ಎತ್ತಿ ಕುಡಿದರು.